ಬಾವು ಅಂದ್ರ ಬಾವು

ಇವತ್ತು ಯಾರ ಮೇಲೂ ರೇಗಬಾರದು ಎಂದು ದಿನಾ ಕೈಮುಗಿದೇ ದವಾಖಾನೆಯ ಬಾಗಿಲು ತೆಗೆಯುತ್ತೇನೆ. ರಾಯಬಾಗದಲ್ಲಿ ಸಂಧಿವಾತ ನೋಡುವ ಡಾಕ್ಟರಿಗೆ ಆ ಭಾಗ್ಯ ಎಲ್ಲಿಯದು? ವ್ರತ ಕೆಡಿಸಲು ದಿಗ್ಗೇವಾಡಿಯ ಒಬ್ಬ ಯಜಮಾನರೇ ಸಾಕು.

೧. ತವರಿನ ವೈರಿಂಗ್

ಅವರ ಹೆಂಡತಿಯ ಬೆರಳ ಗೆಣ್ಣುಗಳೆಲ್ಲ ಬಾತಿದ್ದವು, ಹಾಲು ಹಿಂಡಲು ಆಗುತ್ತಿರಲಿಲ್ಲ. ನಾನು ಕೇಳಿದ್ದು ಆಕೆಯನ್ನು, ಉತ್ತರವೆಲ್ಲ ಗಂಡನದು. ಆದರೂ ಬಿಡಿಸಿ ಹೇಳಿದೆ.

"ಗಾಯ ಆದ್ರ ಮೈಯೊಳಗಿನ ಕೆಲವು ಜೀನ್ ಚಾಲೂ ಆಗಿ ಬಾವು ತರ್ತಾವು. ಕೆಲಸ ಮುಗದ ಮ್ಯಾಲ ಬ್ಯಾರೆ ಜೀನ್ ಅವನ್ನ ಬಂದ್ ಮಾಡ್ತಾವು. ಇವರಿಗೆ ಆ ಬಂದ್ ಮಾಡೋದ ಕೆಟ್ಟೈತಿ, ಹೊಲದ ಮೋಟರ್ ನಿಲ್ಲದಂಗ. ಈ ಗುಳಿಗಿ ನಿಲ್ಲಸ್ತೈತಿ. ತಗೊಳ್ಳದಿದ್ರ ಬೆರಳು ಸೊಟ್ಟಾಗಿ ಹಂಗ ಉಳೀತಾವು."

"ತಿಳೀತ್ರಿ ಸಾಹೇಬ್ರ," ಎಂದರು ಯಜಮಾನರು. "ವೈರಿಂಗ್ ತವರಮನೀದು. ನಮ್ಮ ಮನೀದು ಬರೋಬ್ಬರಿ ಐತಿ."

೨. ನಿಂತ ಮೋಟರ್

ಮುಂದಿನ ಸಲ ಬೆರಳು ಇನ್ನಷ್ಟು ಬಾತಿದ್ದವು. ಗುಳಿಗೆ ಯಜಮಾನರ ಅಂಗಿಯ ಕಿಸೆಯಲ್ಲಿ ಭದ್ರವಾಗಿದ್ದವು.

"ಯಾಕ ಬಿಟ್ರಿ?"

"ಬಾವು ಇಳದಿತ್ರಿ. ನಿಂತ ಮೋಟರ್ ಮತ್ಯಾರ ಬಂದ್ ಮಾಡ್ತಾರ್ರಿ? ನೀವ ಹೇಳೀರಿ."

"ಗುಳಿಗಿ ಬಿಟ್ರ ಅದು ಮತ್ತ ಚಾಲೂ ಆಗ್ತೈತ್ರೀ! ಪೂರಾ ಖಾಲಿ ಆಗ್ಬೇಕು!" ಎಂದು ಕಿರುಚಿದೆ. ಹೊರಗೆ ಬೆಂಚಿನ ಮೇಲಿದ್ದ ಅಜ್ಜ ಒಳಗೆ ಇಣುಕಿ, "ನಂದು ತಡಾ ಆದ್ರೂ ನಡೀತೈತಿ, ಮೊದಲ ನಿಮ್ಮ ಬೀಪಿ ನೋಡ್ಕೋರಿ" ಎಂದ.

೩. ಖಾಲಿಯಾದ ಗುಳಿಗೆ

ಮೂರನೆಯ ಸಲ ಗುಳಿಗೆ ಪೂರಾ ಖಾಲಿ. ಬಾವು ಮಾತ್ರ ಹಾಗೇ ಇತ್ತು, ಕಿರುಬೆರಳು ಸೊಟ್ಟಗಾಗಲು ಶುರುವಾಗಿತ್ತು. ಯಜಮಾನರೂ ಕುಂಟುತ್ತ ಬಂದಿದ್ದರು.

"ಗುಳಿಗಿ ಯಾರು ತಿಂದ್ರು?"

"ಎಮ್ಮೀರಿ. ಕೆಚ್ಚಲು ಬಾತಿತ್ತು, ಹಿಂಡ್ಯಾಗ ಕಲಸಿ ಇಟ್ಟೆ. ಬಾವು ಅಂದ್ರ ಬಾವು ಅಲ್ರಿ?"

ಅದರಿಂದ ಕೆಚ್ಚಲ ಬಾವು ಇಳಿಯದೆ, ಕೊನೆಗೆ ದನದ ಡಾಕ್ಟರನ್ನೇ ಮನೆಗೆ ಕರೆಸಿ ಔಷಧ ಕೊಡಿಸಿದರಂತೆ. ಹೆಂಡತಿಯ ಕೈಲಿ ಆಗದ್ದಕ್ಕೆ ತಾವೇ ಹಿಂಡಲು ಕೂತಾಗ ಎಮ್ಮೆ ಮೊಣಕಾಲಿಗೆ ಝಾಡಿಸಿ ಒದ್ದಿತ್ತು.

ನಾನು ಕುರ್ಚಿ ಬಿಟ್ಟು ಎದ್ದೆ. "ಎಮ್ಮಿಗಿ ಮನೀತನಕ ಡಾಕ್ಟರ್ ಬರ್ತಾರ, ಈ ತಾಯಿಗಿ ಗುಳಿಗಿ ಸೈತ ಸಿಗೂದಿಲ್ಲ! ನಾಚಿಕಿ ಬರೂದಿಲ್ಲೇನ್ರಿ?"

"ತಪ್ಪಾತ್ರಿ. ಮೊದಲ ನನ್ನ ಮೊಣಕಾಲಿಗಿ ಏನರ ಬರದ ಕೊಡ್ರಿ, ಭಾಳ ಬಾತೈತಿ."

ಆ ತಾಯಿ ನಾನು ಮೇಜಿನ ಮೇಲೆ ತೆಗೆದಿಟ್ಟಿದ್ದ ಹೊಸ ಗುಳಿಗೆಗಳನ್ನು ಎತ್ತಿಕೊಂಡು, ಬಾತ ಬೆರಳಲ್ಲೇ ಸೆರಗಿನ ತುದಿಗೆ ಗಂಟು ಹಾಕಿದರು. ಆಮೇಲೆ ನನ್ನ ದವಾಖಾನೆಯಲ್ಲಿ ಮೊದಲ ಸಲ ಬಾಯಿ ತೆರೆದರು.

"ಅವರಿಗೇನೂ ಬರೀಬ್ಯಾಡ್ರಿ ಸಾಹೇಬ್ರ. ಬಾವು ಅಂದ್ರ ಬಾವು. ಎಮ್ಮೀ ಔಷಧ ಮನ್ಯಾಗ ಉಳದೈತಿ, ಹಿಂಡ್ಯಾಗ ಕಲಸಿ ಇಡ್ತೀನಿ."