ಶಾವಿಗೆ ಕಾರ್ಖಾನೆಗೆ ಯಾವ ಮೀಟರು?

ತನ್ನದನ್ನು ಕಡಿಮೆ ಮಾಡಿ ಹೇಳುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸದೆ ಬರುವ ವಿದ್ಯೆ. ಹೊಲದಲ್ಲಿ ಜೋಳ ಎದೆಮಟ್ಟ ನಿಂತಿದ್ದರೂ "ಏನ್ ಬೆಳಿರಿ, ಹಂಗ ಐತಿ" ಎನ್ನಬೇಕು. ಹೊಸ ಸೀರೆ ಉಟ್ಟು ಎದುರು ಬಂದರೆ "ಹಳೇದ ಐತ್ರಿ, ಪೆಟ್ಟಿಗ್ಯಾಗ ಇತ್ತು" ಎನ್ನಬೇಕು. ಕೂಸು ಗುಂಡುಗುಂಡಾಗಿದ್ದರೆ "ಉಣ್ಣೂದ ಇಲ್ಲ ನೋಡ್ರಿ" ಎಂದು ಮುಖ ಬಾಡಿಸಿಕೊಳ್ಳಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ದೃಷ್ಟಿ ತಗಲುತ್ತದೆ. ನಾನಂತೂ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮುಂದೆ. ಲಕ್ಕಲಕಟ್ಟಿಯ ಸಾಲೆಯಲ್ಲಿ ಮಾಸ್ತರರು "ಲೆಕ್ಕ ಬಂತೇನ?" ಎಂದು ಕೇಳಿದರೆ, ಉತ್ತರ ಸರಿಯಾಗಿ ಬರೆದಿದ್ದರೂ "ಇಲ್ರಿ" ಎಂದು ಪಾಟಿಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಈ ವಿದ್ಯೆ ಎಲ್ಲ ಕಡೆ ನಡೆಯುತ್ತದೆ, ಕರೆಂಟಿನ ಆಫೀಸೊಂದನ್ನು ಬಿಟ್ಟು. ಮೊನ್ನೆ ನರಗುಂದದಿಂದ ಸೂಟಿಗೆ ಬಂದಾಗ ನೀವು ಮೊಮ್ಮಕ್ಕಳು "ಮನಿ ಒಂದ, ಮೀಟರ್ ಎರಡು ಯಾಕ ಅಜ್ಜಿ?" ಎಂದು ಕೇಳಿದಿರಲ್ಲ, ಆಗ ನಾನು ಒಲೆಯ ಕಡೆ ತಿರುಗಿ ಹಾಲು ಉಕ್ಕಿತೇನೋ ಎಂದು ನೋಡಿದೆ. ಎದುರಿಗೆ ಹೇಳಲು ನಾಚಿಕೆ. ಬರೆದರೆ ನೀವು ನಗುವುದು ನನಗೆ ಕಾಣುವುದಿಲ್ಲ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಹೆಚ್ಚಿನವರು ನೇಕಾರರು. ನಿಮ್ಮ ಅಜ್ಜ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದರು, ಈಗ ನಿಮ್ಮ ಮಾಮ ನೇಯುತ್ತಾನೆ. ಕೈಮಗ್ಗಕ್ಕೆ ಕರೆಂಟು ಬೇಡ, ಕೈಕಾಲು ಗಟ್ಟಿ ಇದ್ದರೆ ಸಾಕು. ಹಾಗಾಗಿ ನಮ್ಮ ಮನೆಯಲ್ಲಿ ಕರೆಂಟು ಎಂದರೆ ದೀಪ, ಫ್ಯಾನು, ಆಮೇಲೆ ಬಂದ ಮಿಕ್ಸರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅತ್ತೆ ರೇಣುಕಾ ಶಾವಿಗೆ ಮಷಿನ್ ಹಾಕೋಣ ಎಂದಳು. ಅವಳು ಆಗ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು, ಸಂಜೆ ಬಂದರೆ ಬೆನ್ನು ಹಿಡಿದುಕೊಂಡು ಕೂರುತ್ತಿದ್ದಳು. ನಾನು ನಡುಮನೆ ಬಿಟ್ಟು ಹೊರಗೆ ಬರುವುದೇ ಅಪರೂಪವಾಗಿತ್ತು. ಗಂಡ ಸತ್ತವಳನ್ನು ಯಾರೂ ಏನೂ ಅನ್ನುವುದಿಲ್ಲ, ಆದರೆ ಕರೆಯುವುದೂ ಇಲ್ಲ. ಮಷಿನ್ ಬಂದು ಪಡಸಾಲೆಯಲ್ಲಿ ಕೂತಿತು ನೋಡಿ, ಹೆಣ್ಣುಮಕ್ಕಳು ರವೆ ಕಟ್ಟಿಕೊಂಡು ತಾವೇ ಬಾಗಿಲಿಗೆ ಬಂದರು. ರೇಣುಕಾ ಹೊಲಕ್ಕೆ ಹೋಗುವುದು ನಿಂತಿತು. ಹಿಟ್ಟು ನಾದಿ ಮಷಿನ್ನಿಗೆ ಹಾಕುವುದು ನನ್ನ ಕೆಲಸ, ಇಳಿಯುವ ಎಳೆಗಳನ್ನು ಕೋಲಿಗೆ ಹಾಕಿ ಮಾಳಿಗೆಯ ಮೇಲೆ ಒಣಗಿಸುವುದು ಅವಳ ಕೆಲಸ, ಓಣಿಯ ಸುದ್ದಿಯನ್ನೆಲ್ಲ ಹೇಳುವುದು ರವೆ ತಂದವರ ಕೆಲಸ.

ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಮೀಟರ್ ಓದುವವನು ಬಂದ. ಮನೆಯ ಮೀಟರಿನ ಅಂಕಿ ಗಾಬರಿಯಾದವರ ಹಾಗೆ ಓಡಿದ್ದನ್ನು ನೋಡಿ ಪಡಸಾಲೆಗೆ ಇಣುಕಿದ.

"ಅಜ್ಜಿ, ಇದು ಮನಿ ಮೀಟರ. ಸರಕಾರ ಪುಕ್ಕಟೆ ಕರೆಂಟ್ ಕೊಡೂದು ದೀಪಕ್ಕ, ನಿಮ್ಮ ದಂಧಿಗೆ ಅಲ್ಲ. ಮುಂದಿನ ಬ್ಯಾಸಗಿ ಬರೂದರೊಳಗ ಬ್ಯಾರೆ ಮೀಟರ್ ತಗೋರಿ, ಇಲ್ಲಾ ಮಷಿನ್ ಬಂದ್ ಮಾಡ್ರಿ. ದಂಡ ಬಿದ್ರ ನನಗ ಬೈಬ್ಯಾಡ್ರಿ."

"ದಂಧಿ ಏನ್ ಬಂತಪ್ಪಾ, ಆಜೂಬಾಜೂದವರಿಗೆ ಒಂದೀಟು ಒತ್ತಿಕೊಡ್ತೀವಿ" ಎಂದೆ. ಅವನು ಜಗಲಿಯ ಮೇಲೆ ಸಾಲಾಗಿದ್ದ ಬುಟ್ಟಿಗಳನ್ನೂ, ಆ ಬುಟ್ಟಿಗಳ ಹಿಂದೆ ಸಾಲಾಗಿದ್ದ ಹೆಂಗಸರನ್ನೂ ನೋಡಿ ನಕ್ಕುಬಿಟ್ಟ.

ಆಮೇಲೆ ಶುರುವಾಯಿತು ಓಣಿಯ ಉಪದೇಶ. ಎದುರು ಮನೆಯ ದರ್ಜಿ ತನ್ನದು ಅಂಗಡಿ ಮೀಟರು, ಅದನ್ನೇ ಹಾಕಿಸಿ ಎಂದ. ಹಿಟ್ಟಿನ ಗಿರಣಿಯವರು ಬೇರೆ ಹೇಳಿದರು: "ನೀವು ಮಾಲ ಮಾರೂದಿಲ್ಲ, ಮಂದಿ ತಂದದ್ದನ್ನ ಮಾಡಿಕೊಡ್ತೀರಿ. ಅದು ಅಂಗಡಿ ಅಲ್ಲ, ಕಾರ್ಖಾನಿ. ಅದರ ದರ ಬ್ಯಾರೆ." ನನಗೆ ನಗು ತಡೆಯಲಿಲ್ಲ. ಒಂದು ಮಷಿನ್, ಹಿಟ್ಟು ನಾದುವ ಒಂದು ಪರಾತ, ಹಗ್ಗ ಸಡಿಲವಾದ ಒಂದು ಹೊರಸು. ಇದು ಕಾರ್ಖಾನೆಯಾದರೆ ನಾನು ಮಾಲಕಿ! ಪಕ್ಕದ ಮನೆಯ ಗಂಗವ್ವ ಅದನ್ನು ಕೇಳಿದ್ದೇ ತಡ, ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. "ಮಾಲಕ್ರ, ಒಂದೀಟು ಮಜ್ಜಿಗಿ ಇದ್ರ ಕೊಡ್ರಿ" ಎನ್ನುವಳು.

ದರದ ಹೆಸರು ಆರಿಸಿದರೆ ಮುಗಿಯಲಿಲ್ಲ. ಮೋಟರಿನ ಶಕ್ತಿ ಎಷ್ಟು ಎಂದು ಬರೆಸಬೇಕು. ಅಷ್ಟು ಶಕ್ತಿಗೆ ಇಷ್ಟು ಎಂದು ತಿಂಗಳಾ ತಿಂಗಳಾ ಕಟ್ಟಬೇಕು, ಮಷಿನ್ ಓಡಲಿ ಬಿಡಲಿ. ಓಡಿಸಿದ ಕರೆಂಟಿನದು ಮತ್ತೆ ಬೇರೆ. ನನಗೆ ಇದು ತಿಳಿಯಲು ಎಮ್ಮೆಯ ಲೆಕ್ಕ ಬೇಕಾಯಿತು. ಹಿಂಡುವ ಎಮ್ಮೆಗೂ ಮೇವು, ಹಾಲು ಬತ್ತಿದ ಎಮ್ಮೆಗೂ ಮೇವು, ಎಮ್ಮೆ ದೊಡ್ಡದಾದಷ್ಟೂ ಮೇವಿನ ಹೊರೆ ದೊಡ್ಡದು. ನಮ್ಮ ಶಾವಿಗೆ ಎಮ್ಮೆಯಂತೂ ಬೇಸಿಗೆಯಲ್ಲಿ ಮಾತ್ರ ಹಿಂಡುತ್ತದೆ. ಮಳೆಗಾಲ ಚಳಿಗಾಲವೆಲ್ಲ ಸುಮ್ಮನೆ ಮೇಯಿಸಿದರೆ ಬೇಸಿಗೆಯ ಗಳಿಕೆ ಅದರ ಹೊಟ್ಟೆಗೇ ಹೋಗುತ್ತದೆ. ರೋಣದ ಕಡೆಯವರೊಬ್ಬರು ಆಗಲೇ ಮಷಿನ್ ಕೊಡುತ್ತೀರಾ ಎಂದು ಕೇಳಿ ಹೋಗಿದ್ದರು. ಒಂದು ದಿನ ರೇಣುಕಾ ಅಟ್ಟದ ಮೇಲಿಟ್ಟಿದ್ದ ಕುರ್ಚಿಗಿಯನ್ನು ಇಳಿಸಿ, ತುಕ್ಕು ಹಿಡಿದಿದೆಯೇನೋ ಎಂದು ನೋಡುತ್ತಿದ್ದಳು. ಕಳೆ ತೆಗೆಯುವ ಕುರ್ಚಿಗಿ. ಮನೆ ನನ್ನ ಹೆಸರಿನಲ್ಲಿ ಇರುವುದರಿಂದ ಆಫೀಸಿಗೆ ನಾನೇ ಹೋಗಬೇಕಿತ್ತು, ಹೋದೆ.

ಸಾಹೇಬರು ನಮ್ಮ ಮಗನ ವಯಸ್ಸಿನವರು. ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ರೇಣುಕಾ ನನ್ನ ಹಿಂದೆ ನಿಂತಳು.

"ಮೋಟರ ಎಷ್ಟ ದೊಡ್ಡದ ಐತಿ ಅಜ್ಜಿ?"

"ಸಣ್ಣದ್ರಿ."

"ಸಣ್ಣದ ಅಂದ್ರ?"

"ಭಾಳ ಸಣ್ಣದ್ರಿ."

"ದಿನಾ ಎಷ್ಟ ಹೊತ್ತ ಓಡತೈತಿ?"

"ಎಲ್ಲಿ ಓಡತೈತ್ರಿ, ಯಾರರೆ ಬಂದ್ರ ಒಂದೀಟು."

"ಮಂದಿ ಭಾಳ ಬರ್ತಾರೇನು?"

"ಯಾರ ಬರ್ತಾರ್ರಿ ನಮ್ಮಂಥವರ ಕಡೆ!"

ಸಾಹೇಬರು ಪೆನ್ನು ಕೆಳಗಿಟ್ಟರು. "ಮೋಟರ್ ಸಣ್ಣದು, ಓಡಂಗಿಲ್ಲ, ಮಂದಿ ಬರಂಗಿಲ್ಲ. ಹಂಗಾದ್ರ ಬ್ಯಾರೆ ಮೀಟರ್ ಯಾಕ ಬೇಕ ಅಜ್ಜಿ? ಮಷಿನ್ ಮಾರಿಬಿಡ್ರಿ."

ರೇಣುಕಾ ಹಿಂದಿನಿಂದ ನನ್ನ ಸೆರಗು ಎಳೆದಳು. ನಾನು ಸೆರಗು ಸರಿ ಮಾಡಿಕೊಂಡೆನೇ ಹೊರತು ಮಾತು ಸರಿ ಮಾಡಿಕೊಳ್ಳಲಿಲ್ಲ. ಕಡೆಗೆ ಸಾಹೇಬರು ಪಾಪ, ಕಾರ್ಖಾನೆಯ ದರವನ್ನೇ ಹಾಕಿ, ನಾನು ಹೇಳಿದ 'ಭಾಳ ಸಣ್ಣ'ಕ್ಕೆ ತಕ್ಕಂತೆ ಎಲ್ಲಕ್ಕಿಂತ ಕಡಿಮೆ ಶಕ್ತಿ ಬರೆದುಕೊಂಡರು. ಹೊರಗೆ ಬಂದ ಮೇಲೆ ರೇಣುಕಾ, "ಅತ್ತಿ, ಅವ್ರೇನ್ ಹೆಣ್ಣ ನೋಡಾಕ ಬಂದಿದ್ರೇನು, ಅಷ್ಟ ನಾಚಾಕ?" ಎಂದಳು. "ಇರ್ಲಿ ಬಿಡ, ಸಣ್ಣದ ಅಂದ್ರ ರೊಕ್ಕ ಕಡಿಮಿ ಬೀಳತೈತಿ" ಎಂದು ನಾನು ಜಾಣತನ ತೋರಿಸಿದೆ. ಮೀಟರ್ ಕೂರಿಸಲು ಬಂದವನು ಮೋಟರಿನ ಮೇಲಿನ ತಗಡಿನ ಪಟ್ಟಿ ಓದಲು ಬಗ್ಗಿ ನೋಡಿದ. ಆದರೆ ಅಮಾವಾಸ್ಯೆಗೊಮ್ಮೆ ಪೂಜೆ ಮಾಡಿ ಮಾಡಿ ನಾನು ಆ ಪಟ್ಟಿಗೆ ಬಳಿದ ವಿಭೂತಿ ಗಾರೆಯ ಹಾಗೆ ಕೂತಿತ್ತು. ಕೆರೆದು ನೋಡಲು ಅವನಿಗೆ ದೇವರ ಭಯ. ಕೈಮುಗಿದು ಹೋದ.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು, ಬುಟ್ಟಿಗಳು ಬಂದವು. ಮೊದಲ ಬುಟ್ಟಿ ಗಂಗವ್ವನದು. ಮೋಟರು ಗುರ್ ಎಂದಿತು, ಹಿಟ್ಟು ಒಳಗೆ ಹೋಯಿತು, ಎಳೆ ಇಳಿಯಬೇಕು ಎನ್ನುವಷ್ಟರಲ್ಲಿ ಮೀಟರಿನ ಕೆಳಗಿನ ಸ್ವಿಚ್ಚು ಟಪ್ ಎಂದು ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಹೊಸ ಮೀಟರಿಗೆ ನಾನು ಬರೆಸಿದ್ದು ಕರುವಿನ ಮೇವು, ಮನೆಯಲ್ಲಿದ್ದದ್ದು ಕೋಣ. ಹಳೆಯ ಮೀಟರಿಗೆ ಜೋಡಿಸುವಂತಿಲ್ಲ. ನಾದಿದ ಹಿಟ್ಟು ನಮ್ಮ ಕಷ್ಟ ಕೇಳುತ್ತದೆಯೇ? ನೋಡನೋಡುತ್ತ ಒಣಗಿ ಬಿರಿಯಿತು. ರಾಜೂರಿನಿಂದ ಬಂದಿದ್ದ ಇಬ್ಬರು ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು, "ಬ್ಯಾರೆ ಕಡೆ ನೋಡ್ತೀವ್ರಿ" ಎಂದು ನಡೆದರು. ಹೀಗೇ ಒಂದು ವಾರ ಹೋದರೆ ಎಲ್ಲರೂ ನಡೆಯುತ್ತಾರೆ, ಮಷಿನ್ ರೋಣಕ್ಕೆ ಹೋಗುತ್ತದೆ, ರೇಣುಕಾ ಹೊಲಕ್ಕೆ ಹೋಗುತ್ತಾಳೆ. ಸ್ವಿಚ್ಚಿನ ಮುಂದೆ ನಿಂತ ಅವಳ ಮುಖ ನೋಡಿ ನಾನು ಚಪ್ಪಲಿ ಮೆಟ್ಟಿಕೊಂಡೆ. ಗಂಗವ್ವ ಒಣಗಿದ ಹಿಟ್ಟಿನ ಪರಾತ ಎತ್ತಿಕೊಂಡು, "ನಡಿ, ನಾನೂ ಬರ್ತೀನಿ" ಎಂದಳು.

ಬೇಡವೆಂದರೆ ಬಿಡುವವಳಲ್ಲ. ಆಫೀಸಿನಲ್ಲಿ ಪರಾತವನ್ನು ಸಾಹೇಬರ ಮೇಜಿನ ಮೇಲೆ ಇಟ್ಟು, "ನೋಡ್ರಿ ಸಾಹೇಬ್ರ, ಇದನ್ನ ಶಾವಿಗಿ ಮಾಡಿ ನಿಮ್ಮ ಮನಿಯಾಗ ಉಣ್ತೀರೇನು?" ಎಂದು ಕೇಳಿದಳು. ಸಾಹೇಬರು ಪರಾತ ನೋಡಿದರು, ನನ್ನನ್ನು ನೋಡಿದರು.

"ಅಜ್ಜಿ, ಈಗರೆ ಖರೇ ಹೇಳ್ರಿ. ಮೋಟರ್ ಎಷ್ಟ ದೊಡ್ಡದು, ಎಷ್ಟ ಮಂದಿ ಬರ್ತಾರ?"

ಈಗ ಬಂತು ನೋಡಿ ಸಂಕಟ. ಸಾಹೇಬರ ಮುಂದೆ ಹೇಳಿದರೂ ಹೇಳಬಹುದು, ಗಂಗವ್ವನ ಮುಂದೆ ಹೇಗೆ ಹೇಳುವುದು? ಇಷ್ಟು ದಿನ ಅವಳು "ವ್ಯಾಪಾರ ಹ್ಯಾಂಗ?" ಎಂದಾಗಲೆಲ್ಲ "ನೊಣ ಹೊಡ್ಯಾಕತ್ತೀವಿ" ಎಂದವಳು ನಾನು. ಅವಳ ಕಣ್ಣು ಬಿದ್ದರೆ ಕಾಯುತ್ತಿರುವ ಹಾಲೂ ಒಡೆಯುತ್ತದೆ ಎಂದು ಓಣಿಯಲ್ಲಿ ಹೆಸರು. ನೆಲ ನೋಡಿದೆ, ಗೋಡೆ ನೋಡಿದೆ. ಕಡೆಗೆ ಕಣ್ಣು ಮುಚ್ಚಿಕೊಂಡೆ.

"ದೊಡ್ಡದ ಐತ್ರಿ ಮೋಟರ. ಅಂಗಡಿಯವ್ರು ಎರಡು ಎಚ್‌ಪಿ ಅಂದಿದ್ರು. ಹೊತ್ತು ಮೂಡಿದಾಗ ಚಾಲೂ ಆದ್ರ ಹೊತ್ತು ಮುಳುಗೂತನಕಾ ಓಡತೈತಿ. ಲಕ್ಕಲಕಟ್ಟಿಯವ್ರು ಬರ್ತಾರ, ರಾಜೂರವ್ರು ಬರ್ತಾರ, ಇಟಗಿ ಗುಡಿಗೆ ನಡಕೊಳ್ಳಾಕ ಹೋಗೂ ಮಂದಿ ದಾರಿಯಾಗ ಬುಟ್ಟಿ ಇಟ್ಟು ಹೋಗ್ತಾರ, ತಿರುಗಿ ಬರೂವಾಗ ಒಯ್ತಾರ. ನಮ್ಮಂಥಾ ಸಣ್ಣ ಎಳಿ ಈ ಸುತ್ತಿನ್ಯಾಗ ಯಾರೂ ತಗ್ಯಂಗಿಲ್ರಿ!"

ಕೊನೆಯ ಮಾತನ್ನು ಅವರು ಕೇಳಿರಲಿಲ್ಲ. ಅದು ಹೇಗೆ ಬಾಯಿಂದ ಬಂತೋ ನನಗೇ ಗೊತ್ತಿಲ್ಲ. ಬಿಲ್ಲು ಕಟ್ಟಲು ನಿಂತವರೆಲ್ಲ ತಿರುಗಿ ನೋಡಿದರು. ಗಂಗವ್ವ ಗಲ್ಲಕ್ಕೆ ಕೈ ಹಚ್ಚಿ, "ಅಯ್ಯ ನನ್ನ ಶಿವನ! ನೊಣ ಹೊಡ್ಯೂ ಮಂದಿ ನೋಡ್ರಿ ಇವ್ರು!" ಎಂದಳು.

ಸಾಹೇಬರು ನಗುತ್ತ ಹೇಳಿದರು, ಶಕ್ತಿ ಹೆಚ್ಚಿಸಿ ಬರೆಯೋಣ, ಇನ್ನಷ್ಟು ಠೇವಣಿ ಕಟ್ಟಿ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಓಡುವ ಕೆಲಸಕ್ಕೆ ಬೇರೆ ಅನುಕೂಲವಿದೆ, ಮುಚ್ಚಿದ ತಿಂಗಳುಗಳಲ್ಲಿ ಕಟ್ಟುವುದು ಕಡಿಮೆ. ಆದರೆ ಮುಚ್ಚುತ್ತೇವೆಂದು ಬರೆದುಕೊಟ್ಟು ಓಡಿಸಿದರೆ ಆ ಅನುಕೂಲ ಹೋಗುತ್ತದೆ.

"ಯಾವಾಗಿಂದ ಯಾವಾಗಿನ ತನಕಾ ಓಡಸ್ತೀರಿ?"

"ಶಿವರಾತ್ರಿಯಿಂದ ಮಿರಗದ ಮಳಿ ತನಕಾ."

"ಮಿರಗದ ಮಳಿ ಕಂಪ್ಯೂಟರಿನ್ಯಾಗ ಇಲ್ಲ ಅಜ್ಜಿ, ತಿಂಗಳ ಹೇಳ್ರಿ."

ಅದೊಂದನ್ನು ಮನೆಗೆ ಬಂದು ರೇಣುಕಾಳ ಕೈಯಲ್ಲಿ ಕ್ಯಾಲೆಂಡರ್ ನೋಡಿಸಿ ಬರೆಸಿದೆ. ಅಂದು ಸಂಜೆ ಗಂಗವ್ವ ಉಪ್ಪು, ಮೆಣಸಿನಕಾಯಿ ಹಿಡಿದುಕೊಂಡು ಬಂದು, ತಾನೇ ಮೋಟರಿಗೆ ನಿವಾಳಿಸಿ ಒಲೆಗೆ ಹಾಕಿದಳು. "ಆಫೀಸನ್ಯಾಗ ನಾನ ಕಣ್ಣ ತುಂಬ ನೋಡಿಬಿಟ್ಟೀನಿ, ನನ್ನ ಕಣ್ಣ ನನಗ ಗೊತ್ತಿಲ್ಲೇನು?" ಎಂದಳು. ಹೊಸ ಬರಹಕ್ಕೆ ತಕ್ಕ ಸ್ವಿಚ್ಚು ಬಂತು, ಅದು ಬೀಳಲಿಲ್ಲ. ರಾಜೂರಿನವರೂ ತಿರುಗಿ ಬಂದರು. ಆ ಬೇಸಿಗೆ ಕಳೆದು ಬಿಲ್ಲು, ಠೇವಣಿ ಎಲ್ಲ ಹೋಗಿ ಉಳಿದದ್ದರಲ್ಲಿ ರೇಣುಕಾ ಹೊಸ ಹೊರಸು ಹೆಣೆಸಿದಳು. ಕುರ್ಚಿಗಿ ಈಗ ಹಿತ್ತಲಿನ ಕರಿಬೇವಿನ ಬುಡ ಕೆರೆಯಲು ಮಾತ್ರ.

ಶ್ರಾವಣದಲ್ಲಿ ಗಂಗವ್ವ ಬಂದಳು. ಮಗಳು ಪಂಚಮಿಗೆ ಬರುವವಳು, ಅಳಿಯನಿಗೆ ಶಾವಿಗೆ ಪಾಯಸ ಎಂದರೆ ಪ್ರಾಣ, ಒಂದಿಷ್ಟು ಒತ್ತಿಕೊಡು ಎಂದಳು. ನಾನು ಬಹಳ ಗತ್ತಿನಿಂದ, "ಕಾರ್ಖಾನಿ ಬಂದ್ ಐತಿ. ಬರಕೊಟ್ಟೀವಿ, ಓಡಸಾಕ ಬರಂಗಿಲ್ಲ" ಎಂದೆ. ಗಂಗವ್ವ ಒಂದು ಕ್ಷಣವೂ ಯೋಚಿಸಲಿಲ್ಲ. "ಕಾರ್ಖಾನಿ ಬಂದ್ ಇದ್ರ ಮಾಲಕ್ರು ಖಾಲಿ ಇದ್ದಂಗಾತಲ್ಲ!" ಎಂದು ತನ್ನ ಮನೆಗೆ ಹೋಗಿ, ತನ್ನ ಅತ್ತೆಯ ಕಾಲದ ಶಾವಿಗೆ ಮಣೆಯನ್ನು ತಂದು ನನ್ನ ಮುಂದೆ ಇಟ್ಟಳು. ಹೊರಗೆ ಜಿನುಗು ಮಳೆ. ಮೋಟರು ಮೂಲೆಯಲ್ಲಿ ನನ್ನದೊಂದು ಹಳೆಯ ಸೀರೆ ಹೊದ್ದುಕೊಂಡು ಮಲಗಿತ್ತು. ನಾನು ಕಾಲು ಚಾಚಿ ಕೂತು ಮಣೆಯ ಮೇಲೆ ಹಿಟ್ಟು ಹೊಸೆಯುತ್ತ, ಒಂದೊಂದೇ ಎಳೆ ಎಳೆಯುತ್ತ ಇದ್ದೆ. ಅಷ್ಟು ಕಷ್ಟಪಟ್ಟು ಎರಡು ಸಲ ಆಫೀಸಿಗೆ ಹೋದವಳು, ಮೋಟರಿಗೆ ರಜೆ ಬರೆಸಿಕೊಂಡು ಬಂದಿದ್ದೆನೇ ಹೊರತು, ನನಗೂ ಒಂದು ಬರೆಸಿಕೊಳ್ಳಬೇಕೆಂದು ತೋಚಿರಲಿಲ್ಲ.