ಇರ್ಮಾಳ ನಾಡಿ ಮತ್ತು ಮೂರು ದೆವ್ವದ ಸಿನಿಮಾಗಳು

ಭಯವೂ ಅಳೆಯಬಹುದಾದ ವಸ್ತು, ಅಳೆಯದೆ ಹೆದರುವುದು ಅವಿವೇಕ ಎಂದು ಡೆಲ್ಬರ್ಟ್ ಹೋಸ್ಟೆಟ್ಲರ್ ಅಕ್ಟೋಬರ್ ಮೊದಲ ಭಾನುವಾರ ತಿಂಡಿಯ ಮೇಜಿನಲ್ಲಿ ಘೋಷಿಸಿದ. ಹೆಂಡತಿ ಇರ್ಮಾ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

ಒಹಾಯೊದ ಆ ಪುಟ್ಟ ಊರಿನ ಗ್ರಂಥಾಲಯದಲ್ಲಿ, ದೆವ್ವದ ವೇಷ ಹಾಕುವ ಹ್ಯಾಲೊವೀನ್ ಹಬ್ಬ ಬಂತೆಂದರೆ, ಒಂದು ಶನಿವಾರ ಮಧ್ಯಾಹ್ನ ಹಳೆಯ ದೆವ್ವದ ಸಿನಿಮಾ ಹಾಕುತ್ತಾರೆ. ಒಂಬತ್ತು ವರ್ಷ ಆಯ್ಕೆ ಇರ್ಮಾಳದೇ. ಒಂಬತ್ತು ವರ್ಷವೂ ಸಭಾಂಗಣ ತುಂಬಿ, ಜನ ಚೀರಿ, ಹೊರಗೆ ಬಂದು ಅವಳ ಕೈ ಕುಲುಕಿದ್ದರು. ಈ ಸಲ ಮಾತ್ರ ಗ್ರಂಥಪಾಲಕಿ ಕಾರ್ಲಾ, ಸಿನಿಮಾ ತಾನೇ ಆರಿಸುತ್ತೇನೆಂಬ ಡೆಲ್ಬರ್ಟನ ಕಾಟ ತಾಳಲಾರದೆ, ಅವನಿಗೊಂದು ಅವಕಾಶ ಕೊಟ್ಟಿದ್ದಳು. ಗ್ರಂಥಾಲಯ ಸಮಿತಿಯ ಮುಂದೆ ಕಾರಣ ಸಹಿತ ಒಂದು ಸಿನಿಮಾ ಸೂಚಿಸಬೇಕು. ಒಪ್ಪಿಗೆಯಾಗದಿದ್ದರೆ ಮತ್ತೆಂದೂ ಕೇಳಬಾರದು.

ಮೂವತ್ತು ವರ್ಷ ಊರಿನ ನೀರು ಪರೀಕ್ಷೆ ಮಾಡಿ ನಿವೃತ್ತನಾದವನಿಗೆ ಇದೇನು ಮಹಾ! ಮೂರು ಮಧ್ಯಾಹ್ನ, ಮೂರು ಸಿನಿಮಾ. ಅದೇ ಸೋಫಾ, ಅದೇ ಪರದೆ, ತೂಗಿ ಇಟ್ಟ ನಲವತ್ತು ಗ್ರಾಂ ಪಾಪ್‌ಕಾರ್ನ್. ಇರ್ಮಾಳ ಬೆರಳಿಗೆ ಆಕ್ಸಿಮೀಟರ್. ನಿಮಿಷಕ್ಕೊಮ್ಮೆ ನಾಡಿಯ ಲೆಕ್ಕ ಪುಸ್ತಕಕ್ಕೆ.

ಫಲಿತಾಂಶ ನೋಡಿ ಡೆಲ್ಬರ್ಟ್ ಬೆರಗಾದ. ಸಿನಿಮಾದಲ್ಲಿ ಜವುಗಿನಿಂದ ಹೆಣ ಎದ್ದಾಗ ಇರ್ಮಾಳ ನಾಡಿ ಎಪ್ಪತ್ತೆರಡು. ವಿಧವೆ ಕೊಡಲಿ ಎತ್ತಿದಾಗ ಎಪ್ಪತ್ತೊಂದು, ಜೊತೆಗೊಂದು ಆಕಳಿಕೆ. ಆದರೆ ರೈತನೊಬ್ಬ ಲೋಟಕ್ಕೆ ಹಾಲು ಸುರಿಯುವಾಗ ತೊಂಬತ್ತೆಂಟು! ಇನ್ನೊಂದರಲ್ಲಿ ಖಾಲಿ ಮೆಟ್ಟಿಲು ಕಂಡಾಗ, ಮತ್ತೊಂದರಲ್ಲಿ ಯಾರೋ ಗಡಿಯಾರಕ್ಕೆ ಕೀ ಕೊಟ್ಟಾಗ, ಅಷ್ಟೇ ಎತ್ತರ.

ಆ ಹಾಲಿನ ದೃಶ್ಯವನ್ನು ಅವನು ಹನ್ನೊಂದು ಸಲ ನೋಡಿದ. ಮೂಲೆಯಲ್ಲಿ ನೆರಳಿದೆಯೇ, ಕಿಟಕಿಯಲ್ಲಿ ಮುಖವಿದೆಯೇ ಎಂದು ಭೂತಗನ್ನಡಿ ಹಿಡಿದ. ಹಾಲಿನಲ್ಲಿ ಹಾಲಲ್ಲದೆ ಬೇರೇನೂ ಇರಲಿಲ್ಲ.

"ನಿಜ ಹೇಳು, ಆ ಹಾಲು ನೋಡಿದಾಗ ನಿನಗೇನನ್ನಿಸ್ತು?"

"ಫ್ರಿಜ್ಜಲ್ಲಿ ಹಾಲು ಮುಗಿದಿದೆ ಅನ್ನಿಸ್ತು."

ಇಷ್ಟರಿಂದ ಎದೆಗುಂದುವವನು ವಿಜ್ಞಾನಿಯೇ ಅಲ್ಲ. ನಿಜವಾದ ಭಯ ದೆವ್ವದಲ್ಲಿಲ್ಲ, ದಿನನಿತ್ಯದ ವಸ್ತುಗಳಲ್ಲಿದೆ ಎಂಬ ಹೊಸ ಸಿದ್ಧಾಂತದೊಂದಿಗೆ, ಇರ್ಮಾಳನ್ನೂ ಕರೆದುಕೊಂಡು, ಬುಧವಾರ ಸಮಿತಿಯ ಮುಂದೆ ನಿಂತ. ಹಾಲಿನ ದೃಶ್ಯ ಶುರುವಾಯಿತು. ಆಕ್ಸಿಮೀಟರ್ ಓದುವ ಹೊಣೆ ಕಾರ್ಲಾಳದು.

"ಎಪ್ಪತ್ತೆರಡು," ಎಂದಳು ಕಾರ್ಲಾ. ಲೋಟ ತುಂಬಿತು. "ಎಪ್ಪತ್ತೊಂದು."

ಡೆಲ್ಬರ್ಟ್ ರಿಮೋಟ್ ಎತ್ತಿಕೊಂಡ. ಮನೆಯಲ್ಲಿ ಮಾಡಿದಂತೆಯೇ ಸಿನಿಮಾ ನಿಲ್ಲಿಸಿ, ಕಪ್ಪು ಬಿಳುಪಿನಲ್ಲಿ ಹಾಲು ಇಷ್ಟು ಬೆಳ್ಳಗೆ ಕಾಣಬೇಕಾದರೆ ದೀಪ ಎಷ್ಟು ಅಡಿ ದೂರವಿರಬೇಕು ಎಂದು ವಿವರಿಸತೊಡಗಿದ.

"ಎಂಬತ್ತೈದು," ಎಂದಳು ಕಾರ್ಲಾ. ವಿವರಣೆ ದೀಪದ ಶಾಖಕ್ಕೆ ತಿರುಗಿತು. "ತೊಂಬತ್ತಾರು."

ಡೆಲ್ಬರ್ಟ್ ಗೆದ್ದವನಂತೆ ಸಮಿತಿಯ ಕಡೆ ನೋಡಿದ. ಕಾರ್ಲಾ ಮಾತ್ರ ಇರ್ಮಾಳ ಬಿಗಿದ ದವಡೆ ನೋಡುತ್ತಿದ್ದಳು.

"ಡೆಲ್ಬರ್ಟ್, ಒಂದು ನಿಮಿಷ ಸುಮ್ಮನಿರಿ."

ಅವನು ಸುಮ್ಮನಾದ. ಎಪ್ಪತ್ತನಾಲ್ಕು.

"ಈಗ ಮಾತಾಡಿ."

"ಹಾಲಿನ ಸಾಂದ್ರತೆ ತಗೊಂಡ್ರೆ..."

"ನೂರಾ ಒಂದು," ಎಂದಳು ಕಾರ್ಲಾ. ಸಮಿತಿಯ ನಾಲ್ವರೂ ಮೇಜಿನ ಮೇಲೆ ತಲೆಯಿಟ್ಟು ನಕ್ಕರು.

ನಗುವಿನ ನಡುವೆಯೂ ಡೆಲ್ಬರ್ಟನ ಕುತೂಹಲ ಸುಮ್ಮನಿರಲಿಲ್ಲ. ಪುಸ್ತಕ ತಿರುವಿದ. ಹಾಲು: ದೀಪದ ವಿವರಣೆ. ಮೆಟ್ಟಿಲು: ನೆರಳಿನ ಕೋನ. ಗಡಿಯಾರ: ಹಲ್ಲುಚಕ್ರದ ಲೆಕ್ಕ. ನಾಡಿ ಏರಿದ ಪ್ರತಿ ನಿಮಿಷದಲ್ಲೂ ಅವನೇ ಸಿನಿಮಾ ನಿಲ್ಲಿಸಿ ಮಾತಾಡಿದ್ದ. ಅಂಕಿಅಂಶ ಅಚ್ಚುಕಟ್ಟಾಗಿತ್ತು, ಅಲ್ಲಗಳೆಯಲು ಬಿರುಕೇ ಇರಲಿಲ್ಲ.

ಸಮಿತಿ ಹಾಲಿನ ಸಿನಿಮಾವನ್ನೇ ಒಪ್ಪಿತು. ಷರತ್ತು ಒಂದೇ: ಅದು ಮುಗಿಯುವವರೆಗೆ ಡೆಲ್ಬರ್ಟ್ ಹೊರಬಾಗಿಲಲ್ಲಿ ಕೂತು, ವೇಷ ಹಾಕಿ ಬರುವ ಮಕ್ಕಳಿಗೆ ಮಿಠಾಯಿ ಹಂಚಬೇಕು.

ಕಾರಿನಲ್ಲಿ ಅವನು ಲೆಕ್ಕದ ಪುಸ್ತಕವನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದ. ಕೊನೆಗೆ ಮೆಲ್ಲಗೆ ಕೇಳಿದ: "ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಇರ್ಮಾ?"

"ಮದುವೆಯಾದಾಗಿಂದ ಹೇಳ್ತಾನೇ ಇದ್ದೀನಿ, ಡೆಲ್," ಅವಳು ಅವನ ಮಂಡಿ ತಟ್ಟಿದಳು. "ನಿನಗೆ ಗ್ರಾಫ್ ಬೇಕಿತ್ತು."