ಚಿಕ್ಕಪ್ಪನ ನೆರಳಿನ ಪಾಠ

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನಷ್ಟು ಶ್ರದ್ಧೆಯ ವಿದ್ಯಾರ್ಥಿ ಇನ್ನೊಬ್ಬರಿಲ್ಲ. ಬಾಯಿ ತೆರೆದಾಗಲೆಲ್ಲ ಮುಖವನ್ನೇ ಮರೆಮಾಡಿಕೊಳ್ಳುವ ವಿದ್ಯಾರ್ಥಿಯೂ ಇನ್ನೊಬ್ಬರಿರಲಾರರು!

ಎಪ್ಪತ್ತು ದಾಟಿದ ಮೇಲೆ ಅವರು ಮೊಬೈಲಿನಲ್ಲಿ ಕೃಷಿ ಅರಣ್ಯದ ಆನ್‌ಲೈನ್ ತರಗತಿಗೆ ಸೇರಿಕೊಂಡರು. ಹೊಲದಲ್ಲಿ ಬೆಳೆಯ ಜೊತೆಗೇ ಮರ ಬೆಳೆಸುವ ವಿದ್ಯೆ ಅದು. ಗೌನಿಪಲ್ಲಿ ಕಡೆಯ ಮಾವಿನ ತೋಟದವರು, ಮಾಲೂರಿನ ಹೂವಿನ ಬೆಳೆಗಾರರು, ತಾರಸಿ ಮೇಲೆ ಕುಂಡ ಇಟ್ಟುಕೊಂಡ ಕೋಲಾರದ ಗೃಹಿಣಿ, ಎಲ್ಲರೂ ಅಲ್ಲಿ ಸಹಪಾಠಿಗಳು. ಪಾಠ ಸಂಜೆಗೆ. ಚಿಕ್ಕಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕೂರುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ!

"ನಿಮ್ ಪಾಠ ಮುಗಿಯೋವರ್ಗೂ ಬೇಳೆ ಬೇಯಬಾರ್ದಾ?" ಎಂದು ಚಿಕ್ಕಮ್ಮ ರೇಗಿದರೆ, "ಬೇಯಲಿ, ಬೇಡ ಅಂದೋರ್ಯಾರು? ಸದ್ದಿಲ್ದಂಗೆ ಬೇಯಲಿ" ಎನ್ನುತ್ತಿದ್ದರು.

ಪ್ರಶ್ನೆ ಕೇಳುವಾಗ ಮಾತ್ರ ಎದ್ದು ನಿಲ್ಲುತ್ತಿದ್ದರು. ಫೋನು ಮಣೆಯ ಮೇಲೆ. ಉಳಿದವರಿಗೆ ಕಾಣುತ್ತಿದ್ದುದು ಅವರ ಪಂಚೆಯ ಗಂಟು. "ಸರ್, ಕೂತ್ಕೊಂಡು ಮಾತಾಡಿ, ಮುಖ ಕಾಣ್ತಿಲ್ಲ" ಎಂದು ಪಾಠ ಹೇಳುವ ಮೇಡಂ ಬೇಡಿಕೊಂಡರೆ, "ಗುರುಗಳ ಎದ್ರಿಗೆ ಕೂತು ಮಾತಾಡಿ ಅಭ್ಯಾಸ ಇಲ್ಲಮ್ಮ" ಎಂದು ಇನ್ನಷ್ಟು ನೆಟ್ಟಗೆ ನಿಲ್ಲುತ್ತಿದ್ದರು.

ಕೇಳುತ್ತಿದ್ದುದೂ ಒಂದೇ ಪ್ರಶ್ನೆ. "ಬದುವಿನ ಮೇಲೆ ಮರ ಹಾಕಿದ್ರೆ ನೆರಳು ಪಕ್ಕದ ಹೊಲಕ್ಕೆ ಬೀಳುತ್ತಲ್ಲ, ಅದಕ್ಕೇನ್ ಮಾಡೋಣ?" ಕೆಳಗಿನ ಕೊಂಬೆ ಸವರಿ, ಅಂತರ ಬಿಡಿ ಎಂದು ಮೇಡಂ ತಾಳ್ಮೆಯಿಂದ ಹೇಳುವರು. "ಒಂದೆಲೆ ನೆರಳೂ ಬೀಳಬಾರ್ದಮ್ಮ!" ಸಹಪಾಠಿಗಳು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಪಕ್ಕದ ಹೊಲ ನಮ್ಮದು, ಅಂದರೆ ನಮ್ಮಪ್ಪನದು.

ಅಣ್ಣ ತಮ್ಮಂದಿರು ಪಾಲಾದಾಗ ನಡುವಿನ ಬದುವಿನ ಮೇಲೆ ಒಂದು ಹುಣಸೆ ಮರವಿತ್ತು. ನೆರಳಿಗೆ ರಾಗಿ ಸೊರಗುತ್ತದೆಂದು ಅಪ್ಪ ಅದನ್ನು ಕಡಿಸಿಬಿಟ್ಟರು. ಚಿಕ್ಕಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮದುವೆ, ತಿಥಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತರೂ ಸಾರು ಬೇಕೆಂದು ಬಡಿಸುವವರನ್ನು ಕೇಳುವರೇ ಹೊರತು ಒಬ್ಬರನ್ನೊಬ್ಬರು ನೋಡುವವರಲ್ಲ. ಆ ಮೌನ ನೋಡುತ್ತಲೇ ನಾನು ಬೆಳೆದೆ.

ಪಾಠ ಮುಗಿದ ಮೇಲೆ ಪ್ರಯೋಗ ಶುರುವಾಯಿತು. ತಾವು ನೆಡಬೇಕೆಂದಿದ್ದ ಹೆಬ್ಬೇವಿನ ಮರ ಬೆಳೆದರೆ ಎಷ್ಟೆತ್ತರವೋ ಅಷ್ಟುದ್ದದ ಬಿದಿರು ಗಳವನ್ನು ಚಿಕ್ಕಪ್ಪ ತಮ್ಮ ಹೊಲದಲ್ಲಿ ನಿಲ್ಲಿಸಿದರು. ಅದರ ನೆರಳಿನ ತುದಿ ನಮ್ಮ ರಾಗಿಯನ್ನು ಮುಟ್ಟಿದರೆ ಕಿತ್ತು ಹಿಂದಕ್ಕೆ ನಿಲ್ಲಿಸುವುದು. ಮತ್ತೆ ಮುಟ್ಟಿದರೆ ಮತ್ತೆ ಹಿಂದಕ್ಕೆ! ದಾರಿಹೋಕರೊಬ್ಬರು, "ಏಮಿ ಸ್ವಾಮೀ, ಕರೆಂಟ್ ಕಂಬಮಾ?" ಎಂದು, ಕರೆಂಟ್ ಕಂಬವೇನೋ ಎಂಬಂತೆ, ತೆಲುಗಿನಲ್ಲಿ ಕೇಳಿಯೇಬಿಟ್ಟರು. ಚಿಕ್ಕಮ್ಮ, "ಇನ್ನೊಂಚೂರು ಹಿಂದಕ್ ಹೋದ್ರೆ ಅಡುಗೆಮನೇಲೇ ಗಿಡ ನೆಡ್ಬೇಕಾಗುತ್ತೆ ಕಣ್ರೀ" ಎಂದರು.

ಅಪ್ಪ ಇದನ್ನೆಲ್ಲ ತಮ್ಮ ಹೊಲದಿಂದ ನೋಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಊಟ ಒಯ್ದಾಗ ತಲೆಗೆ ಟವೆಲ್ ಹಾಕಿಕೊಂಡು ಬಿಸಿಲಲ್ಲೇ ಕೂತಿದ್ದರು. ಬುತ್ತಿ ಬಿಚ್ಚಲಿಲ್ಲ. ಎದ್ದು ಬದುವಿನ ತನಕ ಹೋದರು.

"ಲೇ, ಆ ಗಳನ ಯಾಕ್ಲಾ ಅಷ್ಟು ಹಿಂದಕ್ಕೆ ಒಯ್ತೀಯ?"

ಚಿಕ್ಕಪ್ಪ ತಲೆ ಎತ್ತಲಿಲ್ಲ. "ನಿನ್ ರಾಗಿ ಮೇಲೆ ನೆರಳು ಬೀಳ್ಬಾರ್ದು ಅಂತ ಅಣ್ಣ."

ಅಪ್ಪ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಬದುವಿನ ಮೇಲೇ ಹಾಕೋ. ಊಟಕ್ಕೆ ಕೂತ್ಕೊಳ್ಳೋಕೆ ನಂಗೂ ಒಂಚೂರು ನೆರಳು ಬೇಕು ಕಣೋ. ವಯಸ್ಸಾಯ್ತು."

ಚಿಕ್ಕಪ್ಪ ಗಳವನ್ನು ಕಿತ್ತರು. ಬದುವಿನ ತನಕ ಅಷ್ಟು ದೂರ ಒಬ್ಬರಿಗೇ ಹೊರಲಾಗಲಿಲ್ಲ. ಅಪ್ಪ ಬದು ದಾಟಿ ಹೋಗಿ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಅದನ್ನು ಬದುವಿನ ಮೇಲೆ ನಿಲ್ಲಿಸಿದಾಗ ನೆರಳು ನಮ್ಮ ರಾಗಿಯ ಮೇಲೆ ಬಿತ್ತು. ಇಬ್ಬರೂ ಅದನ್ನು ನೋಡಿದರು; ಗಳದಿಂದ ಕೈ ಮಾತ್ರ ತೆಗೆಯಲಿಲ್ಲ.